ನಡುವಿನಿಂದ ತೆರೆದ ಫೈಲಿಗೆ ಎಡಿಟರ್ ಬಣ್ಣ ಹಚ್ಚುವುದು ಹೇಗೆ?

ಪುಣೆಯ ಹಿಂಜವಡಿಯಲ್ಲೋ ನವಿ ಮುಂಬಯಿಯ ಐರೋಲಿಯಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗ ಹುಡುಗಿಯರ ಕೈಗೆ ಮೊದಲು ಬೀಳುವುದು ಯಾರೋ ಬರೆದಿಟ್ಟುಹೋದ ಉದ್ದುದ್ದ ಫೈಲು. ಎಡಿಟರ್ (ಕೋಡು ಬರೆಯುವ ತಂತ್ರಾಂಶ) ಕೋಡಿಗೊಂದು ಬಣ್ಣ, ಕಮೆಂಟಿಗೆ (ಕಂಪ್ಯೂಟರ್ ಓಡಿಸದೆ ಬಿಡುವ ಟಿಪ್ಪಣಿ) ಇನ್ನೊಂದು ಬಣ್ಣ ಹಚ್ಚುತ್ತದೆ. ನೇರ 7,000ನೇ ಸಾಲಿಗೆ ಹಾರಿದರೆ ಒಳ್ಳೆಯ ಕೋಡೆಲ್ಲ ಕಮೆಂಟಿನ ಬಣ್ಣದಲ್ಲಿ ಕಾಣುವುದುಂಟು. ಕೆಟ್ಟಿರುವುದು ಕೋಡಲ್ಲ, ಎಡಿಟರಿನ ಅಂದಾಜು.

ಪರದೆಯಲ್ಲಿ ಕಾಣುವ ಐವತ್ತು ಸಾಲಿಗಷ್ಟೇ ಬಣ್ಣ ಹಚ್ಚಿದರೆ ಸಾಲದೆ? ಸಾಲದು. ಒಂದು ಸಾಲು ಕಮೆಂಟಿನ ಒಳಗಿದೆಯೋ ಹೊರಗಿದೆಯೋ ಎನ್ನುವುದನ್ನು ಮೇಲೆಲ್ಲೋ ಬಂದ /* (ಕಮೆಂಟ್ ತೆರೆಯುವ ಗುರುತು; ಮುಚ್ಚುವುದು */) ತೀರ್ಮಾನಿಸುತ್ತದೆ. ಮುಂಬಯಿಯ ದಾದರಿನಲ್ಲಿ ಬೋರ್ಡು ನೋಡದೆ ಲೋಕಲ್ ರೈಲು ಹತ್ತಿದವರಿಗೆ ಅದು ಫಾಸ್ಟೋ ಸ್ಲೋನೋ ಡಬ್ಬದೊಳಗೆ ತಿಳಿಯುವುದಿಲ್ಲವಲ್ಲ, ಹಾಗೆ.

ಮೊದಲು ಹೀಗೆ ಮಾಡಿ ನೋಡಿ. ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಒಂದು ಜಾವಾಸ್ಕ್ರಿಪ್ಟ್ ಫೈಲ್ ತೆರೆದು ಮೊದಲ ಸಾಲಿನಲ್ಲಿ /* ಒತ್ತಿ. ಕೆಳಗೆ ಮುಂದಿನ */ ಸಿಗುವವರೆಗೂ ಬಣ್ಣ ಬದಲಾಗುತ್ತದೆ. ಮೂರನೇ ಸಾಲಿನಲ್ಲಿ */ ಹಾಕಿ, ಉಳಿದದ್ದು ಮೊದಲಿನಂತಾಗುತ್ತದೆ. ಎಡಿಟರ್ ಪ್ರತಿ ಸಾಲಿನ ಕೊನೆಯ ಸ್ಥಿತಿಯನ್ನು (ಕೋಡು, ಕಮೆಂಟಿನ ಒಳಗೆ, ಸ್ಟ್ರಿಂಗಿನ ಒಳಗೆ, ಅಂದರೆ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯದಲ್ಲಿ) ನೆನಪಿಟ್ಟಿರುತ್ತದೆ. ತಿದ್ದಿದ ಸಾಲನ್ನು ಮತ್ತೆ ಓದಿದಾಗ ಕೊನೆಯ ಸ್ಥಿತಿ ಹಳೆಯದೇ ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ವೇರಿಯಬಲ್‌ನ ಹೆಸರು ತಿದ್ದಿದರೆ ಸಾಮಾನ್ಯವಾಗಿ ಒಂದೇ ಸಾಲಿನ ಕೆಲಸ.

ಇನ್ನು ದೂರಕ್ಕೆ ಹಾರಿ. ನಡುವಿನ ಸಾಲುಗಳ ಸ್ಥಿತಿ ಇನ್ನೂ ಲೆಕ್ಕವಾಗಿಲ್ಲ. ವಿಎಸ್ ಕೋಡ್ ಪರದೆಯಿಂದ ಮೇಲಕ್ಕೆ ಹೋಗುತ್ತ, ಇಂಡೆಂಟ್ (ಸಾಲಿನ ಮೊದಲಿನ ಖಾಲಿ ಜಾಗ) ಕಡಿಮೆಯಿರುವ ಸಾಲುಗಳನ್ನಷ್ಟೇ ಆರಿಸಿ, ಅವುಗಳಿಂದ ಅಂದಾಜು ಕಟ್ಟಿ ಬಣ್ಣ ಹಚ್ಚುತ್ತದೆ. ಹಿನ್ನೆಲೆಯಲ್ಲಿ ಮೇಲಿನಿಂದ ಸರಿಯಾದ ಲೆಕ್ಕ ನಡೆಯುತ್ತಿರುತ್ತದೆ. ಅದು ಬಂದು ಮುಟ್ಟಿದಾಗ ಬಣ್ಣ ಫಕ್ಕನೆ ಬದಲಾಗುತ್ತದೆ. ಪೈಥಾನ್‌ನ """ ಇಲ್ಲಿ ದೊಡ್ಡ ಪೀಡೆ. ತೆರೆಯುವುದಕ್ಕೂ ಮುಚ್ಚುವುದಕ್ಕೂ ಅದೇ ಗುರುತಾದ್ದರಿಂದ, ಒಮ್ಮೆ ಅಂದಾಜು ತಪ್ಪಿದರೆ ಸ್ಟ್ರಿಂಗೆಲ್ಲ ಕೋಡಾಗಿ, ಕೋಡೆಲ್ಲ ಸ್ಟ್ರಿಂಗಾಗಿ ತಿರುವುಮುರುವು.

ವಿಮ್ ಎಂಬ ಎಡಿಟರ್ ಬಳಸುವವರು ‘:ಸಿಂಟ್ಯಾಕ್ಸ್ ಸಿಂಕ್ ಫ್ರಮ್‌ಸ್ಟಾರ್ಟ್’ ಕೊಟ್ಟರೆ (ಫ್ರಮ್‌ಸ್ಟಾರ್ಟ್ ಒಂದೇ ಪದ) ಫೈಲಿನ ಆರಂಭದಿಂದ ಓದುತ್ತದೆ. ನಿಧಾನವೆನಿಸಿದರೆ ಫ್ರಮ್‌ಸ್ಟಾರ್ಟ್ ಎಂಬ ಪದದ ಬದಲು ‘ಮಿನ್‌ಲೈನ್ಸ್=500’ ಎಂದು ಕೊಡಿ, ಕನಿಷ್ಠ ಅಷ್ಟು ಸಾಲು ಹಿಂದಿನಿಂದ ನೋಡುತ್ತದೆ. ಬಣ್ಣ ಹಚ್ಚಲು 2,000 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ವಿಮ್ ಕೈಬಿಡುತ್ತದೆ. ಆ ಮಿತಿಯ ಹೆಸರು ‘ರೀಡ್ರಾಟೈಮ್’.

ವಿಎಸ್ ಕೋಡ್‌ಗೂ ಮಿತಿಗಳಿವೆ: 20,000 ಅಕ್ಷರ ದಾಟಿದ ಸಾಲಿಗೆ, 20 ಎಂಬಿ ಅಥವಾ 3 ಲಕ್ಷ ಸಾಲು ಮೀರಿದ ಫೈಲಿಗೆ ಬಣ್ಣವಿಲ್ಲ. ಮಿನಿಫೈ ಮಾಡಿದ (ಖಾಲಿ ಜಾಗ ತೆಗೆದು ಕುಗ್ಗಿಸಿದ) ಫೈಲಿಗಾಗಿ ಈ ಮಿತಿ ಏರಿಸುವುದು ದಂಡ. ಫಾರ್ಮ್ಯಾಟ್ ಮಾಡಿ ಸಾಲು ಒಡೆಯಿರಿ.

ನಿಯೊವಿಮ್, ಈಮ್ಯಾಕ್ಸ್ 29 ಎಂಬ ಎಡಿಟರ್‌ಗಳು ಬಳಸಬಲ್ಲ, ಕೋಡಿನ ರಚನೆ ಓದುವ ಟ್ರೀ-ಸಿಟ್ಟರ್ ಎಂಬ ಸಾಧನದ ದಾರಿ ಬೇರೆ. ಇಡೀ ಫೈಲಿನ ರಚನೆಯನ್ನು ಒಮ್ಮೆ ಮರದಂತೆ ಕಟ್ಟಿಕೊಂಡು, ತಿದ್ದಿದಾಗ ಬಾಧೆಯಾಗದ ಕೊಂಬೆಗಳನ್ನು ಹಾಗೇ ಉಳಿಸಿಕೊಳ್ಳುತ್ತದೆ. ಮೊದಲ ಸಲ ಪೂರ್ತಿ ಓದುವುದು ಅದಕ್ಕೂ ತಪ್ಪಿದ್ದಲ್ಲ.

ಕಾದರೂ ಬಣ್ಣ ಸರಿಹೋಗದಿದ್ದರೆ ವಿಎಸ್ ಕೋಡ್‌ನ ಕಮಾಂಡ್ ಪ್ಯಾಲೆಟ್‌ನಲ್ಲಿ (ಆಜ್ಞೆ ಹುಡುಕುವ ಪಟ್ಟಿ) ‘ಇನ್‌ಸ್ಪೆಕ್ಟ್ ಎಡಿಟರ್ ಟೋಕನ್ಸ್ ಆ್ಯಂಡ್ ಸ್ಕೋಪ್ಸ್’ ಆರಿಸಿ. ಕರ್ಸರ್ ಇರುವ ಪದವನ್ನು ಎಡಿಟರ್ ಏನೆಂದುಕೊಂಡಿದೆ ಎಂದು ತೋರಿಸುತ್ತದೆ. ಅರ್ಧ, ಅದರರ್ಧ ಎಂದು ಮೇಲೆ ಕೆಳಗೆ ನೋಡುತ್ತ ಹೋದರೆ 7,000 ಸಾಲಿನಲ್ಲೂ 13 ನೋಟದೊಳಗೆ ದಾರಿ ತಪ್ಪಿದ ಸಾಲು ಸಿಗುತ್ತದೆ. ಅಲ್ಲಿ ಮುಚ್ಚದ ಬ್ಯಾಕ್‌ಟಿಕ್ (`) ಇದ್ದರೆ ತಪ್ಪು ಬರೆದವರದ್ದು. ಕೋಡು ತಕರಾರಿಲ್ಲದೆ ಓಡುತ್ತಿದ್ದರೆ, ಬಹುಶಃ ಎಡಿಟರಿನ ಗ್ರಾಮರ್ (ಬಣ್ಣ ಹಚ್ಚುವ ನಿಯಮಗಳ ಪಟ್ಟಿ) ಯಾವುದೋ ರೆಜೆಕ್ಸಿನ (ಪಠ್ಯ ಹುಡುಕುವ ಮಾದರಿ) ಒಳಗಿನ ಉದ್ಧರಣ ಚಿಹ್ನೆಯನ್ನು ಸ್ಟ್ರಿಂಗ್ ಎಂದುಕೊಂಡಿದೆ.