ಆರೈಕೆಯಲ್ಲೇ ಆಯಸ್ಸು ಕಳೆದ ಅಜ್ಜಿಯ ಪುಸ್ತಕ: ನನ್ನ ಅನುಭವ

'ಮನೆ ಬಿಟ್ಟು ಹೊರಗೆ ಹೋಗದವರ ಬಗ್ಗೆ ಎರಡು ಪುಟ ಆಗಬಹುದು, ಅದಕ್ಕಿಂತ ಹೆಚ್ಚು ಏನು ಬರೆಯುತ್ತೀಯ?' ಎಂದು ಮೂಗು ಮುರಿದವರೇ ಈಗ ಇನ್ನೊಂದು ಪ್ರತಿ ಇದೆಯಾ ಅಂತ ಕೇಳುತ್ತಿದ್ದಾರೆ. ಮನೆಯವರ ಆರೈಕೆಯಲ್ಲೇ ಬದುಕು ಕಳೆದ ಅಜ್ಜಿಯ ಬಗ್ಗೆ 96 ಪುಟದ ಪುಸ್ತಕ ಬಂತು, ಜತೆಗೆ ಎರಡು ಗಂಟೆ ಚಿಲ್ಲರೆ ಧ್ವನಿಮುದ್ರಣ. ಮೈಕು, ಸ್ಕ್ಯಾನರು, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಗೊತ್ತಿದ್ದೂ 'ವಿಷಯ ಸಾಲದು' ಅಂತ ಕೈಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ್ದು, ಮದುವೆ, ಮಕ್ಕಳು, ಕೊನೆಗಾಲ ಎಂಬ ಕ್ರಮ ಇಂಥವರಿಗೆ ಒಗ್ಗುವುದೇ ಇಲ್ಲ. ನೌಕರಿ ಮಾಡಿದವರಿಗೆ ಬಡ್ತಿ, ವರ್ಗಾವಣೆ, ನಿವೃತ್ತಿ ಇರುತ್ತವೆ. ಒಂದೊಂದಕ್ಕೂ ಕಾಗದ ಸಿಗುತ್ತದೆ. ಆರೈಕೆ ಮಾಡಿದವರಿಗೆ ಕಾಗದ ಇಲ್ಲ, ಅವರ ಬದುಕಿನ ತಿರುವುಗಳೆಲ್ಲ ಬೇರೆಯವರ ಹೆಸರಿನಲ್ಲಿವೆ: ಒಬ್ಬರ ಬಾಣಂತನ, ಇನ್ನೊಬ್ಬರ ಪಾರ್ಶ್ವವಾಯು, ಮತ್ತೊಬ್ಬರ ಪರೀಕ್ಷೆ. ಹಾಗಾಗಿ ಇಸವಿಗಳ ಪಟ್ಟಿ ಬಿಟ್ಟು ಅಜ್ಜಿ ಯಾರ್‍ಯಾರನ್ನು ನೋಡಿಕೊಂಡರು ಎಂಬ ಪಟ್ಟಿ ಹಿಡಿದೆ. ಎಡಕ್ಕೆ ಹೆಸರು, ಪಕ್ಕದಲ್ಲಿ ಎಲ್ಲಿಂದ ಎಲ್ಲಿಯವರೆಗೆ, ಅದರ ಪಕ್ಕದಲ್ಲಿ ಆಗ ಮನೆಯಲ್ಲಿ ಇನ್ಯಾರಿದ್ದರು. ಈ ಕೊನೆಯ ಕಾಲಮ್ಮೇ ಮುಖ್ಯ, ಸಾಕ್ಷಿಗಳು ಸಿಗುವುದು ಅಲ್ಲೇ. ಆರೈಕೆ ಪಡೆದವರು ತೀರಿಕೊಂಡಿದ್ದರೂ ಬಾಗಿಲಲ್ಲಿ ನಿಂತು ನೋಡಿದ ಹುಡುಗ ಇವತ್ತು ಅರವತ್ತರ ಆಸುಪಾಸಿನಲ್ಲಿ ಇದ್ದೇ ಇರುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ.

ಮಾತು ತೆಗೆಯುವ ಕೆಲಸದಲ್ಲಿ ದೊಡ್ಡ ಶತ್ರು ಹೊಗಳಿಕೆ. 'ದೇವರಂಥವರು, ಒಂದು ದಿನ ಮುಖ ಸಿಂಡರಿಸಿದ್ದಿಲ್ಲ' ಎಂಬ ಮಾತು ಶುರುವಾಯಿತೆಂದರೆ ಒಂದು ಗಂಟೆ ರೆಕಾರ್ಡಿಂಗಿನಿಂದ ಅರ್ಧ ಪುಟವೂ ಹುಟ್ಟುವುದಿಲ್ಲ. ಗುಣ ಕೇಳಬಾರದು, ಕೈ ಏನು ಮಾಡುತ್ತಿತ್ತು ಎಂದು ಕೇಳಬೇಕು. ಜ್ವರ ಬಂದರೆ ಹಣೆಗೆ ಅಂಗೈ ಇಡುತ್ತಿದ್ದರೋ ಕೈಯ ಹಿಂಬದಿಯೋ? ರಾತ್ರಿ ದೀಪ ಉರಿಯುತ್ತಿತ್ತೋ ಆರಿಸುತ್ತಿದ್ದರೋ? ತಾವು ಎಲ್ಲಿ ಮಲಗುತ್ತಿದ್ದರು, ತಲೆ ಯಾವ ಕಡೆಗೆ? ಇಂಥ ನಾಲ್ಕು ಪ್ರಶ್ನೆ ಆಗುವಷ್ಟರಲ್ಲಿ ಮುಖ ಸಿಂಡರಿಸಿದ ದಿನಗಳೂ ಹೊರಗೆ ಬರುತ್ತವೆ. ಅವನ್ನು ಬಿಡಬೇಡಿ, ಓದುವವರು ನಂಬುವುದು ಅಲ್ಲಿಂದ. ನನ್ನ ಹತ್ತಿರ ಕೊನೆಗೆ ಕೇಳುವ ಒಂದು ಪ್ರಶ್ನೆ ಇದೆ, ಇದುವರೆಗೆ ಸೋತಿಲ್ಲ. ಅದನ್ನು ಇಲ್ಲಿ ಹೇಳುವುದಿಲ್ಲ. ಮೊದಲೇ ಗೊತ್ತಾದರೆ ಜನ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರೆ.

ಬಾಯಲ್ಲಿ ಹೇಳಲಾಗದ್ದನ್ನು ಮಾಡಿ ತೋರಿಸಲು ಹೇಳಬೇಕು. ಹಾಸಿಗೆ ಹಿಡಿದವರನ್ನು ಅಜ್ಜಿ ಮಗ್ಗುಲು ತಿರುಗಿಸುತ್ತಿದ್ದ ರೀತಿಯನ್ನು ನೋಡಿದ್ದವರಿಂದ ಮಂಚದ ಮೇಲೇ ಮಾಡಿಸಿ ವಿಡಿಯೊ ತೆಗೆದೆ. ದೂರದ ಮೊಣಕಾಲು ಮಡಿಸು, ಒಂದು ಕೈ ಆ ಕಡೆಯ ಭುಜಕ್ಕೆ, ಇನ್ನೊಂದು ಸೊಂಟಕ್ಕೆ, ತನ್ನ ಕಡೆಗೇ ಉರುಳಿಸು, ಬೆನ್ನಿಗೆ ದಿಂಬು ಒತ್ತು, ಮೊಣಕಾಲುಗಳ ನಡುವೆ ಮಡಿಸಿದ ಬಟ್ಟೆ. ಹಾಸಿಗೆ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಇದು ನಡೆಯಬೇಕು, ಅಂದರೆ ರಾತ್ರಿಯೂ ಮೂರು ನಾಲ್ಕು ಸಲ. 'ತುಂಬಾ ಸೇವೆ ಮಾಡಿದರು' ಎಂಬ ಸಾಲು ತೆಗೆದು ಈ ಲೆಕ್ಕ ಬರೆದಿಟ್ಟೆ.

ಕಾಗದ ಇಲ್ಲ ಎಂದೆನಲ್ಲ, ಪೂರ್ತಿ ಹಾಗಲ್ಲ. ಹಳೆಯ ಗೋಡೆ ಕ್ಯಾಲೆಂಡರುಗಳನ್ನು ಯಾರೂ ದಾಖಲೆ ಅಂದುಕೊಳ್ಳುವುದಿಲ್ಲ. ಅಜ್ಜಿಯ ಕ್ಯಾಲೆಂಡರುಗಳಲ್ಲಿ ತಾರೀಖಿನ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ ಅಂದರೆ ಬೆಳಗಿನ ಮಾತ್ರೆ ಆಯಿತು, ಎರಡು ಅಂದರೆ ರಾತ್ರಿಯದೂ ಆಯಿತು, ಅಡ್ಡಗೀಟು ಇದ್ದರೆ ಜ್ವರ. ಮೊದಲು ಹಾಲಿನ ಲೆಕ್ಕ ಎಂದೇ ಎಲ್ಲರೂ ಹೇಳಿದ್ದು. ಡಾಕ್ಟರ ಚೀಟಿಗಳ ತಾರೀಖಿನ ಜತೆ ಇಟ್ಟು ನೋಡಿದಾಗ ಮಾತ್ರ ಗುಟ್ಟು ಬಿಟ್ಟಿತು. ಗುರುತುಗಳನ್ನು ಒಂದೇ ಮೂಲದಿಂದ ಅರ್ಥ ಮಾಡಿಕೊಳ್ಳಬೇಡಿ. ಚೀಟಿ, ಬಿಲ್ಲು, ಪತ್ರ ಯಾವುದಾದರೂ ಎರಡನೆಯದು ಹೊಂದಲೇಬೇಕು. ಇನ್ನೊಂದು ಮಾತು, ಕಾಯಿಲೆಯ ವಿವರ ಕಾಯಿಲೆಯವರದ್ದು. ಅವರನ್ನೋ ಅವರ ಮಕ್ಕಳನ್ನೋ ಕೇಳದೆ ಅಚ್ಚು ಹಾಕಿದರೆ ಪುಸ್ತಕ ಬಿಡುಗಡೆಯ ದಿನವೇ ಜಗಳ.

ರೆಕಾರ್ಡಿಂಗಿಗೆ ದುಬಾರಿ ಯಂತ್ರ ಬೇಡ. ಫೋನು ಏರ್‌ಪ್ಲೇನ್ ಮೋಡಿನಲ್ಲಿ, ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ, ಫ್ಯಾನ್ ಬಂದ್. ಸದ್ದನ್ನು ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದ ವೇವ್ ಕಡತ, ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 500 ಎಂಬಿ. ಶುರುವಿನಲ್ಲಿ ಅರ್ಧ ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದು ಹಿಡಿಯಿರಿ, ಆಮೇಲೆ ಗೊರಗೊರ ತೆಗೆಯಲು ಅದೇ ಆಧಾರ. ವಯಸ್ಸಾದವರನ್ನು ಬೆಳಗ್ಗೆಯೇ ಮಾತಾಡಿಸಬೇಕು, ಮುಕ್ಕಾಲು ಗಂಟೆ ದಾಟಿದರೆ ಉತ್ತರಗಳು 'ಹೂಂ'ಗೆ ಇಳಿಯುತ್ತವೆ. ಒಂದು ಗಂಟೆ ಮಾತನ್ನು ಬರೆದಿಳಿಸಲು ಐದಾರು ಗಂಟೆ ಬೇಕು. ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ಆಡುಮಾತಿನ ಕ್ರಿಯಾಪದಗಳನ್ನೆಲ್ಲ ಪುಸ್ತಕದ ಕನ್ನಡ ಮಾಡಿ ಕೊಟ್ಟಿತು, ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸಲೀಸು.

ಅಜ್ಜಿಯ ದನಿ ಇದ್ದದ್ದು ಒಂದು ಹಳೆಯ ಕ್ಯಾಸೆಟ್ಟಿನಲ್ಲಿ. ಇಂಥದ್ದನ್ನು ನೇರವಾಗಿ ಪ್ಲೇಯರಿಗೆ ಹಾಕಿದರೆ ಕೆಡಬಹುದು. ಟೇಪನ್ನು ಒತ್ತಿ ಹಿಡಿಯುವ ಸಣ್ಣ ಪ್ಯಾಡ್ ಉದುರಿದ್ದರೆ ದನಿ ಮಂಕಾಗುತ್ತದೆ, ಕೆಲವೊಮ್ಮೆ ಟೇಪೇ ಸುತ್ತಿಕೊಳ್ಳುತ್ತದೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಎರಡು ಸುರುಳಿಗಳನ್ನೂ ವರ್ಗಾಯಿಸಿ, ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಪ್ಲೇಯರಿನ ಹೆಡ್ಡು (ಟೇಪು ಓದುವ ಭಾಗ) ಒರೆಸಿ, ಆಮೇಲೆ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸಕಾರ, ಶಕಾರ ಸ್ಪಷ್ಟವಾಗುವ ಜಾಗ ಹುಡುಕಬೇಕು. ಅಂಗಡಿಯವರು 'ಆಗಲ್ಲ' ಎಂದ ಟೇಪು ಹೀಗೆ ಮಾತಾಡಿತು.

ಫೋಟೊಗಳಲ್ಲಿ ಕಾಟ ಕೊಡುವುದು ಅಂಟು ಹಾಳೆಯ ಆಲ್ಬಮ್. ಮೊದಲು ಪುಟವಿದ್ದಂತೆಯೇ ಸ್ಕ್ಯಾನ್ ಮಾಡಿಬಿಡಿ, ಕೀಳುವಾಗ ಹರಿದರೂ ಒಂದು ನಕಲು ಉಳಿಯುತ್ತದೆ. ಕೀಳಲು ಚಾಕು ಬೇಡ, ಮೇಣವಿಲ್ಲದ ಹಲ್ಲಿನ ದಾರವನ್ನು ಮೂಲೆಯಿಂದ ಗರಗಸದಂತೆ ಆಡಿಸಿ. ಅಂಗೈಯಗಲದ ಪ್ರತಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಸಾಕು, ಚಿತ್ರವನ್ನು ಕುಗ್ಗಿಸದ ಟಿಫ್ ಕಡತ ಸುಮಾರು 20 ಎಂಬಿ ಆಗುತ್ತದೆ. ಪಾಸ್‌ಪೋರ್ಟ್ ಅಳತೆಯದಕ್ಕೆ 1200. ಅಂಚಿನಲ್ಲಿ ಬೆಳ್ಳಿಯಂತೆ ಮಿಂಚುವ ಹಳೆಯ ಕಪ್ಪುಬಿಳುಪು ಫೋಟೊ ಸ್ಕ್ಯಾನರಿಗೆ ಬಗ್ಗದಿದ್ದರೆ ಎರಡು ಕಡೆಯಿಂದ 45 ಡಿಗ್ರಿ ಬೆಳಕು ಕೊಟ್ಟು ಕ್ಯಾಮೆರಾದಲ್ಲಿ ತೆಗೆಯಿರಿ. ಬೆಳಕನ್ನು ಹೇಗೆ ಪಳಗಿಸಿದೆ ಎಂಬುದು ನನ್ನಲ್ಲೇ ಇರಲಿ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಮಾತ್ರ. ಬಾಲ್ ಪೆನ್ನಿನ ಗೀರು ಮುಖದ ಮೇಲೆ ಮೂಡುತ್ತದೆ.

ನಡುವೆ ಒಂದು ಚಪಲ. ಮಸುಕಾದ ಫೋಟೊವನ್ನು ಎಐಗೆ ಕೊಟ್ಟು ಮುಖ ಸ್ಪಷ್ಟ ಮಾಡಿಸಿದೆ. ಚರ್ಮ ನುಣುಪಾಯಿತು, ಕಣ್ಣಿಗೆ ಹೊಳಪು ಬಂತು, ಬಟ್ಟೆಗೊಂದು ಬಣ್ಣವೂ ಬಂತು. ಅಜ್ಜಿಯ ತಂಗಿ ನೋಡಿ 'ಇದ್ಯಾರು?' ಎಂದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು. ಕ್ಯೂಆರ್ ಕೋಡ್ ಮಾತ್ರ ಫಲ ಕೊಟ್ಟಿತು: ಅಧ್ಯಾಯದ ಕೊನೆಗೆ ಎರಡು ಸೆಂಟಿಮೀಟರ್ ಚೌಕ, ಸ್ಕ್ಯಾನ್ ಮಾಡಿದರೆ ಆ ಭಾಗದ ಧ್ವನಿ. ಪುಕ್ಕಟೆಯಾಗಿ ಸಿಗುವ 'ಡೈನಾಮಿಕ್' ಕೋಡು ನಡುವಿನವರ ಸರ್ವರನ್ನು ನಂಬಿರುತ್ತದೆ, ಅವರು ನಿಲ್ಲಿಸಿದ ದಿನ ಅಚ್ಚಾದದ್ದೆಲ್ಲ ದಂಡ. ವಿಳಾಸ ತನ್ನೊಳಗೇ ಇರುವ 'ಸ್ಟ್ಯಾಟಿಕ್' ಕೋಡನ್ನೇ ಮಾಡಿ, ಕೊಂಡಿ ನಿಮ್ಮ ಹಿಡಿತದಲ್ಲಿರುವ ವಿಳಾಸದ್ದಾಗಿರಲಿ.

ಟೈಪಿಂಗ್ ಮೊದಲಿನಿಂದಲೂ ಎಲ್ಲ ಕಡೆ ಒಂದೇ ಅಕ್ಷರ ಸಂಕೇತವಾದ ಯುನಿಕೋಡಿನಲ್ಲೇ ಆಗಬೇಕು. 'ನುಡಿ' ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿಗೆ ಬದಲಿಸಿಕೊಂಡ ಡಿಟಿಪಿಯವರ ಪ್ರತಿಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಟ್ಟವು. ಇನ್‌ಡಿಸೈನ್ (ಪುಟ ಜೋಡಿಸುವ ತಂತ್ರಾಂಶ) ಆದರೆ 'ವರ್ಲ್ಡ್ ರೆಡಿ ಕಂಪೋಸರ್' ಆಯ್ಕೆ ಒತ್ತಿ, ಇಲ್ಲದಿದ್ದರೆ ಒತ್ತುಗಳು ಅಕ್ಷರದ ಬುಡ ಬಿಟ್ಟು ಪಕ್ಕದಲ್ಲಿ ಕೂರುತ್ತವೆ.

ಇನ್ನು ದುಡ್ಡು. ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಅಚ್ಚಿಗೇ ಹೋಯಿತು, ಅದರಲ್ಲೂ ಬಣ್ಣದ ಪುಟಗಳು ಕೈ ಕಚ್ಚಿದವು. ಪುಟ ಪುಟಕ್ಕೂ ಬಣ್ಣದ ಫೋಟೊ ಚೆಲ್ಲಿದರೆ ಇಡೀ ಪುಸ್ತಕಕ್ಕೆ ಬಣ್ಣದ ದರ ಬೀಳುತ್ತದೆ. ಬಣ್ಣದವನ್ನೆಲ್ಲ ಒಂದೇ 16 ಪುಟದ ಫಾರಮ್ಮಿಗೆ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಸೇರಿಸಿ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದ ಹಾಕಿಸಿದೆ, ಉಳಿದ ಐದು ಫಾರಮ್ಮು ಕಪ್ಪುಬಿಳುಪು, 90 ಜಿಎಸ್‌ಎಂ. ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಉಳಿದದ್ದರಲ್ಲಿ ದಾರದ ಹೊಲಿಗೆ ಹಾಕಿಸಿ. ಬರೀ ಅಂಟಿನ ಬೈಂಡಿಂಗ್ ಪೂರ್ತಿ ಬಿಡಿಸಿ ಓದುವ ಮನೆಗಳಲ್ಲಿ ಬಾಳುವುದಿಲ್ಲ. ಒಳ ಅಂಚು 20 ಮಿಲಿಮೀಟರಿಗಿಂತ ಕಮ್ಮಿ ಬೇಡ, ಅಕ್ಷರ 14 ಪಾಯಿಂಟು, ಓದುವವರಲ್ಲಿ ಅರ್ಧ ಜನ ಕನ್ನಡಕದವರು.

ಮೊದಲ ಸುತ್ತಿಗೆ ಡಿಜಿಟಲ್ ಮುದ್ರಣದಲ್ಲಿ ನಾಲ್ಕೈದೇ ಪ್ರತಿ ತೆಗೆಸಿ ಮನೆ ಮನೆಗೆ ಕೊಟ್ಟು, ಕೆಂಪು ಪೆನ್ನೂ ಜತೆಗೆ ಕೊಡಿ. ತಪ್ಪು ಸಂಬಂಧ, ತಪ್ಪು ಇಸವಿ, ಅದಲುಬದಲಾದ ಫೋಟೊ ಶೀರ್ಷಿಕೆ ಎಲ್ಲ ಅಲ್ಲಿ ಸಿಗುತ್ತವೆ. ಒಂದೇ ಘಟನೆಗೆ ಇಬ್ಬರು ಎರಡು ಬಗೆ ಹೇಳಿದರೆ ತೀರ್ಪು ಕೊಡಲು ಹೋಗದೆ ಎರಡನ್ನೂ ಹೇಳಿದವರ ಹೆಸರಿನ ಸಮೇತ ಹಾಕಿಬಿಡಿ. ತಿದ್ದಿದ ಪಿಡಿಎಫ್ ಬಂದ ಮೇಲೆ ಉಳಿದ ಪ್ರತಿಗಳಿಗೆ ಆರ್ಡರ್ ಕೊಡಿ, ಮತ್ತು ಕೇಳಿದವರ ಸಂಖ್ಯೆಗಿಂತ ಹತ್ತು ಹೆಚ್ಚು ಹಾಕಿಸಿ.