ಶಿವನಸಮುದ್ರದ ವಿದ್ಯುದಾಗಾರದ ಚರಿತ್ರೆ ಬರೆಯುವವರಿಗೆ

ಶಿವನಸಮುದ್ರದ ವಿದ್ಯುದಾಗಾರದ ಬಗ್ಗೆ ಬರೆಯಲು ಕುಳಿತವರು ಸಾಮಾನ್ಯವಾಗಿ 1902ರ ಜೂನ್ 30ರಿಂದ, ಅಂದರೆ ಇಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ ದಿನದಿಂದ ಆರಂಭಿಸುತ್ತಾರೆ. ಅದಕ್ಕೂ ಮೊದಲು ನೀರಿನ ದಾರಿಯನ್ನು ಹಿಡಿದು ನಡೆಯಬೇಕೆಂಬುದು ನನ್ನ ಸಲಹೆ. ನೀರು ಎಲ್ಲಿ ತಿರುಗಿತು, ಎಷ್ಟು ಎತ್ತರದಿಂದ ಇಳಿಯಿತು, ಯಾವ ತಿಂಗಳಲ್ಲಿ ಸಾಲದೆ ಹೋಯಿತು ಎಂಬ ಮೂರು ಸಂಗತಿಗಳು ತಿಳಿದರೆ ಮುಂದಿನ ನಿರ್ಧಾರಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಕಾವೇರಿ ಇಲ್ಲಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಜಲಪಾತಕ್ಕಿಂತ ಮೇಲೆಯೇ ನದಿಯ ಒಂದು ಪಾಲನ್ನು ನಾಲೆಗೆ ತಿರುಗಿಸಿ, ಗುಡ್ಡದ ಮಗ್ಗುಲಿನಲ್ಲಿ ಹೆಚ್ಚು ಇಳಿಜಾರಿಲ್ಲದಂತೆ ಸಾಗಿಸಿ, ಕಮರಿಯ ಅಂಚಿಗೆ ತಂದು ಅಲ್ಲಿಂದ ಉಕ್ಕಿನ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಕ್ಕೆ ಇಳಿಸಲಾಗುತ್ತದೆ. ಅತ್ತ ನದಿ ಬಂಡೆಗಳ ಮೇಲೆ ಬಿದ್ದು ಕಳೆದುಕೊಳ್ಳುವ ಎತ್ತರವನ್ನೇ ಇತ್ತ ನಾಲೆ ಜೋಪಾನವಾಗಿ ಉಳಿಸಿಕೊಂಡು ಬರುತ್ತದೆ. ಊರಿನವರು ಬ್ಲಫ್ ಎಂದು ಕರೆಯುವ ಜಾಗ ಇದೇ. ವಿದ್ಯುದಾಗಾರದ ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ.

ಎತ್ತರ ತಿಳಿದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 122 ಮೀಟರ್ ಇಳಿದರೆ, ನಷ್ಟವೇ ಇಲ್ಲವೆಂದುಕೊಂಡಾಗ, ಸುಮಾರು 1,200 ಕಿಲೋವ್ಯಾಟ್ ಸಿಗಬೇಕು. ಯಂತ್ರಗಳಲ್ಲಿ ಕಾಲು ಭಾಗ ಸೋರಿಹೋಯಿತೆಂದರೂ 900 ಉಳಿಯುತ್ತದೆ. ಆರಂಭದಲ್ಲಿ ಇಲ್ಲಿದ್ದವು ತಲಾ 720 ಕಿಲೋವ್ಯಾಟ್‌ನ ಆರು ಘಟಕಗಳು. ಒಂದೊಂದಕ್ಕೂ ಒಂದು ಘನ ಮೀಟರಿಗಿಂತ ಕಡಿಮೆ ನೀರು ಸಾಕಾಗುತ್ತಿತ್ತೆಂದು ಓದುಗರಿಗೆ ಹೇಳಿದಾಗ ಎತ್ತರದ ಬೆಲೆ ಮನಸ್ಸಿಗೆ ಇಳಿಯುತ್ತದೆ. ನೀರಿನ ಧಾರೆಯ ಹೊಡೆತಕ್ಕೆ ತಿರುಗುವ ಟರ್ಬೈನ್ ಆದ ಪೆಲ್ಟನ್ ಚಕ್ರವನ್ನೂ ಹತ್ತಿರದಿಂದ ವರ್ಣಿಸಿ. ಚಕ್ರದ ಅಂಚಿನ ಸುತ್ತ ಜೋಡಿಬಟ್ಟಲುಗಳು, ಎರಡು ಬಟ್ಟಲುಗಳ ನಡುವೆ ಚೂಪಾದ ಏಣು. ರಭಸದಿಂದ ಬಂದ ನೀರಿನ ಧಾರೆ ಆ ಏಣಿಗೆ ತಾಗಿ ಇಬ್ಭಾಗವಾಗಿ, ಬಟ್ಟಲಿನ ಒಳಮೈಯನ್ನು ಸವರಿಕೊಂಡು, ಬಂದ ದಿಕ್ಕಿಗೇ ಹೊರಳಿ, ಹುರುಪೆಲ್ಲ ಚಕ್ರಕ್ಕೆ ಕೊಟ್ಟು ಸುಮ್ಮನೆ ಕೆಳಗೆ ಬೀಳುತ್ತದೆ.

ಬಳಿಕ ಕೇಳಬೇಕಾದ ಪ್ರಶ್ನೆ, ಈ ವಿದ್ಯುತ್ತನ್ನು ಕೊಳ್ಳುವವರು ಯಾರಿದ್ದರು ಎಂಬುದು. ಎಷ್ಟೋ ಬರಹಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಕಥೆಯ ಜೀವಾಳ ಇಲ್ಲಿಯೇ ಇದೆ. ಕೋಲಾರದ ಗಣಿಗಳು ಆಗ ಸೌದೆ ಮತ್ತು ಕಲ್ಲಿದ್ದಲು ಉರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದವು. ಹಗಲಿರುಳೂ ಶಕ್ತಿ ಬೇಕಾಗಿದ್ದ, ಹಣ ತೆರಲು ಸಿದ್ಧವಾಗಿದ್ದ ಗಿರಾಕಿ ಅವೇ. ಆದರೆ ಅವು ಇದ್ದದ್ದು ಸುಮಾರು 147 ಕಿಲೋಮೀಟರ್ ಆಚೆಗೆ. 30ರಿಂದ 35 ಸಾವಿರ ವೋಲ್ಟ್ ಮಟ್ಟದಲ್ಲಿ ಅಷ್ಟು ದೂರ ತಂತಿ ಎಳೆಯುವುದು ಅಂದಿಗೆ ನಿಜವಾದ ಸಾಹಸ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್ 5ರಂದು, ಮೈಸೂರು ನಗರಕ್ಕೆ 1908ರಲ್ಲಿ. ಈ ಇಸವಿಗಳನ್ನು ಒಂದರ ಪಕ್ಕ ಒಂದು ಬರೆದಿಟ್ಟುಕೊಂಡರೆ ಮೊದಲ ತಂತಿ ರಾಜಧಾನಿಯತ್ತ ಹೋಗದೆ ಗಣಿಯತ್ತ ಹೋದುದರ ಕಾರಣ ವಿವರಿಸುವುದು ಸುಲಭ.

ವ್ಯಕ್ತಿಗಳ ವಿಷಯದಲ್ಲಿ ಇಸವಿಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ಯೋಜನೆಯನ್ನು ಬೆಂಬಿಡದೆ ನಡೆಸಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತಾವು ಪಟ್ಟುಹಿಡಿದು ಕಟ್ಟಿಸಿದ ಯಂತ್ರಗಳು ತಿರುಗಿದ್ದನ್ನು ಅವರು ಕಾಣಲಿಲ್ಲ. ಇದನ್ನು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ವರ್ಷಗಳಲ್ಲಿ ಎಳೆಯ ಅರಸರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದವರು ಅವರ ತಾಯಿ, ರೀಜೆಂಟರಾದ ವಾಣಿವಿಲಾಸ ಸನ್ನಿಧಾನದವರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ಣಾಧಿಕಾರ ದೊರೆತದ್ದು 1902ರ ಆಗಸ್ಟಿನಲ್ಲಿ, ಅಂದರೆ ವಿದ್ಯುತ್ತು ಗಣಿ ಮುಟ್ಟಿದ ನಂತರ. ತಾಂತ್ರಿಕ ಹೊಣೆ ಹೊತ್ತಿದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್, ವಿದ್ಯುತ್ ಯಂತ್ರಗಳನ್ನು ಒದಗಿಸಿದ ಅಮೆರಿಕದ ಜನರಲ್ ಎಲೆಕ್ಟ್ರಿಕ್, ಟರ್ಬೈನ್ ಕೊಟ್ಟ ಸ್ವಿಟ್ಜರ್ಲೆಂಡಿನ ಎಶರ್ ವಿಸ್, ಇವರೊಂದಿಗೆ ಆ ಭಾರದ ಯಂತ್ರಭಾಗಗಳನ್ನು ದುರ್ಗಮ ಹಾದಿಯಲ್ಲಿ ಕಮರಿಯವರೆಗೆ ಸಾಗಿಸಿದ ಆನೆ, ಗಾಡಿಗಳಿಗೂ ಆಳುಗಳಿಗೂ ಎರಡು ಸಾಲು ಮೀಸಲಿಡಿ.

"ಏಷ್ಯಾದಲ್ಲೇ ಮೊದಲನೆಯದು" ಎಂಬ ಮಾತನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಜಪಾನಿನ ಕ್ಯೋಟೋದಲ್ಲಿ 1891ರಲ್ಲಿಯೇ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತ್ತು. ನಮ್ಮ ದೇಶದಲ್ಲಿಯೇ ಡಾರ್ಜಿಲಿಂಗ್ ಬೆಟ್ಟಗಳ ಸಿದ್ರಾಪೊಂಗ್‌ನಲ್ಲಿ 130 ಕಿಲೋವ್ಯಾಟ್‌ನ ಪುಟ್ಟ ಕೇಂದ್ರ 1897ರ ನವೆಂಬರ್ 10ರಂದು ಶುರುವಾಗಿತ್ತು. ಶಿವನಸಮುದ್ರದ ಹಿರಿಮೆ ಅದರ ಗಾತ್ರದಲ್ಲಿ ಮತ್ತು ಆ ಉದ್ದನೆಯ ತಂತಿಯಲ್ಲಿದೆ.

ಇನ್ನು ನೀರು ಸಾಲದ ತಿಂಗಳುಗಳು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದರ ಹಿಂದೆ ನೀರಾವರಿಯ ಜೊತೆಗೆ ಈ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವ ಉದ್ದೇಶವೂ ಇತ್ತು. ಹೀಗಾಗಿ ಕನ್ನಂಬಾಡಿಯನ್ನು ಬೇರೆಯೇ ಅಧ್ಯಾಯವಾಗಿ ಕತ್ತರಿಸದೆ ಇದೇ ಕಥೆಯ ಮುಂದುವರಿಕೆಯಾಗಿ ಬರೆಯುವುದು ಸೂಕ್ತ.

ಆಕರಗಳಿಗಾಗಿ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಮಾಡುತ್ತಿದ್ದ ವಾರ್ಷಿಕ ಭಾಷಣಗಳಿಂದ ಆರಂಭಿಸಿ, ಅನಂತರ ರಾಜ್ಯ ಪತ್ರಾಗಾರದ ಕಡತಗಳಿಗೆ ಹೋಗಿ. ಹಳೆಯ ಕಾಗದಗಳಲ್ಲಿ ಲೆಕ್ಕ ಬಹುಮಟ್ಟಿಗೆ ಅಶ್ವಶಕ್ತಿಯಲ್ಲಿರುತ್ತದೆ. ಒಂದು ಅಶ್ವಶಕ್ತಿಗೆ 746 ವ್ಯಾಟ್‌ನಂತೆ ಪರಿವರ್ತಿಸಿಕೊಳ್ಳಿ. ಸಾಮರ್ಥ್ಯ ಬರೆದ ಕಡೆಯೆಲ್ಲ ಕಾಲವನ್ನೂ ಜೊತೆಗೇ ನಮೂದಿಸಿ, ಏಕೆಂದರೆ ಆರಂಭದ 4,320 ಕಿಲೋವ್ಯಾಟ್ ಮತ್ತು ಹಂತಹಂತವಾಗಿ ಬೆಳೆದು ಮುಟ್ಟಿದ 42 ಮೆಗಾವ್ಯಾಟ್ ಎರಡೂ ಇದೇ ಹೆಸರಿನಲ್ಲಿ ಚಲಾವಣೆಯಲ್ಲಿವೆ.