ಕ್ಷೇಮಸಮಾಚಾರ, ಸಿನಿಮಾ, ಪುಸ್ತಕ: ಮೂರನ್ನೂ ಒಂದೇ ಪತ್ರದಲ್ಲಿ ಬರೆಯುವ ಬಗೆ

ದೂರದಲ್ಲಿರುವ ಆಪ್ತರಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರೆಯುವ ಪತ್ರದಲ್ಲಿ ಮನೆಯ ಸುದ್ದಿಯ ಜೊತೆಗೆ ಈಚೆಗೆ ನೋಡಿದ ಸಿನಿಮಾ, ಓದಿದ ಪುಸ್ತಕಗಳ ಮಾತೂ ಬರುವುದು ಸಹಜ. ಆದರೆ ಇಂಥ ಪತ್ರಗಳು ಸಾಮಾನ್ಯವಾಗಿ ಎರಡು ತುಂಡಾಗಿಬಿಡುತ್ತವೆ. ಮೊದಲರ್ಧದಲ್ಲಿ ಕೆಲಸ, ಆರೋಗ್ಯ, ಮಕ್ಕಳ ವಿದ್ಯಾಭ್ಯಾಸದ ವಿವರಗಳಿದ್ದರೆ, ಉಳಿದರ್ಧದಲ್ಲಿ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ನೋಡಲೇಬೇಕು’ ಎಂಬ ಷರಾಗಳ ಪಟ್ಟಿಯಿರುತ್ತದೆ. ಎರಡನ್ನೂ ಬೆಸೆಯಲು ನನಗೆ ತಿಳಿದಿರುವ ದಾರಿ ಒಂದೇ: ಅಭಿಪ್ರಾಯವನ್ನು ಹೇಳುವಾಗ, ಅದು ಮೂಡಿದ ಹೊತ್ತಿನಲ್ಲಿ ನಾವು ಹೇಗಿದ್ದೆವು ಎಂಬುದನ್ನೂ ಓದುವವರಿಗೆ ತಿಳಿಸಬೇಕು.

ಪತ್ರ ಬರೆಯಲು ಕೂರುವ ದಿನ ಇದು ಸಾಧ್ಯವಾಗಬೇಕಾದರೆ ಟಿಪ್ಪಣಿಯ ಕೆಲಸ ಮೊದಲೇ ನಡೆದಿರಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರೆವಿನ ಬಹುಪಾಲು ಕಲಿತ ಕೆಲವೇ ಗಂಟೆಗಳಲ್ಲಿ ಆಗಿಹೋಗುತ್ತದೆ ಎಂದು ತೋರಿಸಿದ್ದ. ಕಥೆಯನ್ನು ನಾವು ಅಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಅಭಿಪ್ರಾಯಕ್ಕೆ ಆಧಾರವಾದ ಸಣ್ಣ ವಿವರಗಳು, ಅಂದರೆ ಒಂದು ಪಾತ್ರದ ಮೌನ, ದೃಶ್ಯವೊಂದರ ಬೆಳಕು, ಮತ್ತೆ ಓದಬೇಕೆನಿಸಿದ ಪುಟ, ಇವು ಬಹುಬೇಗ ಜಾರಿಹೋಗಿ ಒಟ್ಟಾರೆ ಇಷ್ಟಾನಿಷ್ಟಗಳಷ್ಟೇ ಉಳಿಯುತ್ತವೆ. ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂತೇನ್ ತನ್ನ ನೆನಪಿನ ಶಕ್ತಿಯನ್ನು ನಂಬದೆ, ಓದಿ ಮುಗಿಸಿದ ಪುಸ್ತಕದ ಕೊನೆಯಲ್ಲಿ ಮುಗಿಸಿದ ಕಾಲವನ್ನೂ ತನಗಾದ ಅಭಿಪ್ರಾಯವನ್ನೂ ಬರೆದಿಡುತ್ತಿದ್ದ. ಅವನ ಈ ಕ್ರಮವನ್ನು ಇಂದಿಗೂ ಹಾಗೆಯೇ ಅನುಸರಿಸಬಹುದು. ನೋಡಿದ ಅಥವಾ ಓದಿದ ದಿನವೇ ನಾಲ್ಕು ಸಾಲು ಬರೆದಿಡಿ. ದಿನಾಂಕ ಹಾಕಿ, ಎಲ್ಲಿ, ಯಾರ ಜೊತೆ, ಯಾವ ಮನಃಸ್ಥಿತಿಯಲ್ಲಿ ನೋಡಿದಿರಿ ಎಂದು ಬರೆದು, ಮನಸ್ಸಿನಲ್ಲಿ ನಿಂತ ಒಂದು ದೃಶ್ಯವನ್ನೂ ಒಪ್ಪಿಗೆಯಾಗದ ಒಂದು ಅಂಶವನ್ನೂ ಸೇರಿಸಿದರೆ ಸಾಕು. ಇತರರ ವಿಮರ್ಶೆಗಳನ್ನು ಓದುವುದು ಇದಾದ ನಂತರವೇ ಇರಲಿ. ಮೊದಲೇ ಓದಿದರೆ ಅವರ ಮಾತುಗಳು ನಮಗರಿವಿಲ್ಲದಂತೆ ನಮ್ಮ ಮಾತುಗಳಾಗಿಬಿಡುತ್ತವೆ.

ಸಂದರ್ಭವನ್ನು ಹೇಳುವುದು ಅಭಿಪ್ರಾಯಕ್ಕೆ ರಿಯಾಯಿತಿ ಕೇಳಿದಂತಲ್ಲ. ಚಿತ್ರಮಂದಿರದ ಕತ್ತಲಲ್ಲಿ ಸಿನಿಮಾ ತನ್ನದೇ ವೇಗದಲ್ಲಿ ಸಾಗುತ್ತದೆ, ನೋಡುವವರು ಅದನ್ನು ನಿಲ್ಲಿಸಲಾರರು. ಅದೇ ಚಿತ್ರವನ್ನು ಫೋನಿನಲ್ಲಿ ಮೂರು ಕಂತುಗಳಾಗಿ ನೋಡಿದವರು ಅದರ ಗತಿಯ ಬಗ್ಗೆ ಮಾತನಾಡುವಾಗ ಈ ಸಂಗತಿಯನ್ನು ಮುಚ್ಚಿಡಬಾರದು. ‘ಈ ಕಾದಂಬರಿ ಎಳೆದಂತಿದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇದರಿಂದ ಓದುವವರಿಗೆ ಕಾದಂಬರಿಯೂ ತಿಳಿಯುವುದಿಲ್ಲ, ಬರೆದವರೂ ತಿಳಿಯುವುದಿಲ್ಲ. ಬದಲಿಗೆ, ‘ಅಪ್ಪನ ಶಸ್ತ್ರಚಿಕಿತ್ಸೆಯ ವಾರದಲ್ಲಿ ವಾರ್ಡಿನ ಹೊರಗೆ ಕುಳಿತು ಬಿಡಿಬಿಡಿಯಾಗಿ ಓದಿದೆ, ಗಮನ ನಿಲ್ಲುತ್ತಿರಲಿಲ್ಲ, ಅಪ್ಪ ಮನೆಗೆ ಬಂದ ಮೇಲೆ ನಡುವಿನ ಅಧ್ಯಾಯಗಳನ್ನು ಬಿಡುವಾಗಿ ಮತ್ತೆ ಓದಿದೆ, ಆಗಲೂ ಅಲ್ಲಿನ ಪತ್ರಗಳು ಕಥೆಯನ್ನು ಮುಂದೊಯ್ಯುತ್ತಿಲ್ಲ ಎನಿಸಿತು’ ಎಂದು ಬರೆದರೆ, ಅಪ್ಪನ ಆರೋಗ್ಯದ ಸುದ್ದಿಯೂ ಪುಸ್ತಕದ ಬಗೆಗಿನ ನಿಲುವೂ ಒಟ್ಟಿಗೇ ತಲುಪುತ್ತವೆ. ಜೊತೆಗೆ, ಆ ನಿಲುವಿನಲ್ಲಿ ದಣಿವಿನ ಪಾಲೆಷ್ಟು, ಪುಸ್ತಕದ ಪಾಲೆಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಲಂಡನ್ನಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಬರೆದ ದಿನಚರಿಯಲ್ಲಿ ಕಚೇರಿ, ಮನೆ, ಕಾಯಿಲೆ, ನಾಟಕ ಎಲ್ಲವೂ ಅಕ್ಕಪಕ್ಕದಲ್ಲೇ ಬರುತ್ತವೆ. 1662ರಲ್ಲಿ ಶೇಕ್ಸ್‌ಪಿಯರನ ಒಂದು ಹಾಸ್ಯನಾಟಕವನ್ನು ನೋಡಿ, ಇಷ್ಟು ಸಪ್ಪೆಯಾದ ನಾಟಕವನ್ನು ಜೀವಮಾನದಲ್ಲೇ ಕಂಡಿಲ್ಲವೆಂಬ ಅರ್ಥದ ಮಾತನ್ನು ಅವನು ಬರೆದ. ಆ ನಾಟಕ ಇಂದಿಗೂ ರಂಗಕ್ಕೆ ಬರುತ್ತಿದೆ; ಅವನ ತೀರ್ಮಾನವನ್ನು ಒಪ್ಪುವವರು ವಿರಳ. ಆದರೂ ಆ ಸಾಲು ಓದಿಸಿಕೊಳ್ಳುತ್ತದೆ, ಏಕೆಂದರೆ ಅದನ್ನು ಬರೆದ ಮನುಷ್ಯನ ಆ ದಿನದ ಬದುಕು ಅದರ ಸುತ್ತಲೂ ಇದೆ. ಆದ್ದರಿಂದ ತೀರ್ಮಾನ ತಪ್ಪಾದೀತೆಂಬ ಅಳುಕಿನಿಂದ ಮಾತನ್ನು ತೇಲಿಸಬೇಡಿ.

ಮೆಚ್ಚುಗೆಯಾಗಲಿ ಆಕ್ಷೇಪವಾಗಲಿ, ಸಲ್ಲಬೇಕಾದವರಿಗೆ ಸಲ್ಲಲಿ. ದೃಶ್ಯಗಳು ಮಾತಿನಿಂದ ಭಾರವಾಗಿದ್ದರೆ ಅದು ಸಂಭಾಷಣೆಯ ದೋಷ. ಒಳ್ಳೆಯ ದೃಶ್ಯ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದರೆ ಬಹುಶಃ ಸಂಕಲನದ್ದು. ನಟರು ಎರಡಕ್ಕೂ ಹೊಣೆಯಲ್ಲ. ಅನುವಾದಿತ ಕೃತಿಯಾದರೆ ಅನುವಾದಕರ ಹೆಸರನ್ನು ತಪ್ಪದೆ ಬರೆಯಿರಿ. ನೀವು ಓದಿದ ಪ್ರತಿಯೊಂದು ವಾಕ್ಯವೂ ಅವರ ಕೈಯಿಂದ ಬಂದದ್ದು. ಕಥೆಯ ತಿರುವುಗಳನ್ನು ಬಯಲು ಮಾಡಬೇಡಿ. ಮೊದಲ ಮೂರನೇ ಒಂದು ಭಾಗದಲ್ಲಿ ತಿಳಿಯುವ ಸಂಗತಿಗಳನ್ನಷ್ಟೇ ಬಳಸಿದರೂ ಹೇಳಬೇಕಾದುದನ್ನು ಹೇಳಬಹುದು. ಅರ್ಧಕ್ಕೇ ಬಿಟ್ಟ ಪುಸ್ತಕವನ್ನು ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಬರೆಯಿರಿ. ಒಂದು ಪತ್ರಕ್ಕೆ ಒಂದು ಸಿನಿಮಾ, ಒಂದು ಪುಸ್ತಕ ವಿವರವಾಗಿ ಬಂದರೆ ಸಾಕು, ಉಳಿದವಕ್ಕೆ ಒಂದೊಂದು ಸಾಲು ಸಾಲುತ್ತದೆ.

ಮನೆಯ ಸುದ್ದಿಯಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ತಂಗಿಯ ಮದುವೆಯ ಮಾತುಕತೆ, ಸ್ನೇಹಿತನ ಕೆಲಸ ಹೋದದ್ದು, ಬಂಧುವೊಬ್ಬರ ಕಾಯಿಲೆ ನಮ್ಮನ್ನು ಎಷ್ಟೇ ಕಲಕಿದರೂ ಆ ಸುದ್ದಿ ಅವರದು. ಅವರ ಒಪ್ಪಿಗೆಯಿಲ್ಲದೆ ಅದು ಪತ್ರಕ್ಕೆ ಬರಬಾರದು. ಸಾವು ಅಥವಾ ಗಂಭೀರ ಕಾಯಿಲೆಯ ಸುದ್ದಿಯಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ನೇರವಾಗಿ ಹೇಳಿ. ನಗುನಗುತ್ತಾ ಸಿನಿಮಾದ ಮಾತು ಕೇಳುತ್ತಿದ್ದವರಿಗೆ ಮೂರನೆಯ ಪುಟದಲ್ಲಿ ಅಂಥ ಸುದ್ದಿ ಎದುರಾಗುವುದು ಕ್ರೂರವೇ ಸರಿ. ಅಂಥ ತಿಂಗಳಲ್ಲಿ ಪುಸ್ತಕದ ಮಾತೇ ಇರದಿದ್ದರೂ ಪತ್ರ ಪೂರ್ಣವಾಗಿಯೇ ಇರುತ್ತದೆ. ಬದುಕಿಗೂ ಓದಿಗೂ ಸಂಬಂಧವೇ ಕಾಣದ ತಿಂಗಳುಗಳೂ ಇರುತ್ತವೆ. ಆಗ ಸಂಬಂಧವನ್ನು ಹುಟ್ಟುಹಾಕದೆ, ಎರಡನ್ನೂ ಬೇರೆಬೇರೆಯಾಗಿಯೇ ಬರೆಯುವುದು ಲೇಸು.

ಕಳುಹಿಸಿದ ಪತ್ರದ ಪ್ರತಿಯೊಂದನ್ನು ಇಟ್ಟುಕೊಂಡು, ಮುಂದಿನದನ್ನು ಬರೆಯುವ ಮೊದಲು ಓದಿ. ನಿಲುವು ಬದಲಾಗಿದ್ದರೆ ಹಾಗೆಂದು ತಿಳಿಸಿ, ಬದಲಾಯಿಸಿದ್ದು ಏನು ಎಂಬುದನ್ನೂ ಹೇಳಿ. ಪತ್ರದ ಕೊನೆಯಲ್ಲಿ ‘ನೀವು ಅದನ್ನು ನೋಡಿದಿರಾ’ ಎಂದು ಕೇಳಿದರೆ ಹೌದು-ಇಲ್ಲಗಳಲ್ಲಿ ಉತ್ತರ ಮುಗಿದುಹೋಗುತ್ತದೆ. ‘ಮಗಳು ಮನೆ ಬಿಟ್ಟು ಹೊರಡುವಾಗ ತಾಯಿ ಬಾಗಿಲಿಗೆ ಬರುವುದೇ ಇಲ್ಲವಲ್ಲ, ಅದು ಕೋಪವೋ ಸಂಕಟವೋ, ನಿಮಗೇನನಿಸಿತು’ ಎಂದು ಕೇಳಿದರೆ ಓದಿದವರು ಉತ್ತರ ಬರೆಯಲು ಕೂರುತ್ತಾರೆ.